ಕೊಂದಷ್ಟೂ ಹಬ್ಬಿದ ಕಯೋಟಿ: ಅಮೆರಿಕದ ಬೇಟೆಗಾರರು ಎರಡು ಹೋಳಾದದ್ದೇಕೆ?

ಅಮೆರಿಕದಿಂದ ಬರುವ ವನ್ಯಜೀವಿ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವರಿಗೆ ಆ ದೇಶದ ನಿಲುವೇನು ಎಂಬುದೇ ಬಗೆಹರಿಯುವುದಿಲ್ಲ. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಕ್ಯಾಥಿ ಹೋಕುಲ್ ಅವರು ತೋಳದ ಬಳಗದ ಕಯೋಟಿಯಂಥ ಕಾಡುಪ್ರಾಣಿಗಳನ್ನು ಬಹುಮಾನಕ್ಕಾಗಿ ಕೊಲ್ಲುವ ಸ್ಪರ್ಧೆಗಳನ್ನು ನಿಷೇಧಿಸುವ ಮಸೂದೆಗೆ ಸಹಿ ಹಾಕಿದರು. ಅದಾಗಿ ಎರಡು ತಿಂಗಳಿಗೆ ವಯೋಮಿಂಗ್ ರಾಜ್ಯದಲ್ಲಿ ಒಬ್ಬಾತ ಹಿಮದ ಮೇಲೋಡುವ ವಾಹನವನ್ನು ಹತ್ತಿಸಿ ತೋಳವೊಂದನ್ನು ಗಾಯಗೊಳಿಸಿ, ಅದರ ಬಾಯಿಗೆ ಟೇಪು ಸುತ್ತಿ, ಊರಿನ ಬಾರಿಗೆ ಎಳೆತಂದು ಪ್ರದರ್ಶಿಸಿ, ಆಮೇಲೆ ಕೊಂದ ಪ್ರಕರಣ ನಡೆಯಿತು. ಮೊದಲಿಗೆ ಅವನಿಗೆ ಬಿದ್ದ ದಂಡ 250 ಡಾಲರ್, ಅದೂ ಕೊಂದದ್ದಕ್ಕಲ್ಲ, ಜೀವಂತ ಕಾಡುಪ್ರಾಣಿಯನ್ನು ತನ್ನ ಬಳಿ ಇಟ್ಟುಕೊಂಡದ್ದಕ್ಕೆ. ಪಕ್ಕದ ಯೂಟಾ ರಾಜ್ಯದಲ್ಲಿ ಸರ್ಕಾರವೇ 2012ರಿಂದ ಕಯೋಟಿಯೊಂದಕ್ಕೆ 50 ಡಾಲರ್ ಇನಾಮು ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಇನ್ನು ಕೊಲರಾಡೊದ ಮತದಾರರು 2020ರಲ್ಲಿ ತೋಳಗಳನ್ನು ಮರಳಿ ತರಬೇಕೆಂದು ಅಲ್ಪ ಬಹುಮತದಿಂದ ತೀರ್ಮಾನಿಸಿದರು. ನಾಲ್ಕು ವರ್ಷಗಳ ಬಳಿಕ ಅದೇ ರಾಜ್ಯದಲ್ಲಿ ಪ್ಯೂಮಾ ಮತ್ತು ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳ ಬೇಟೆಯನ್ನು ನಿಲ್ಲಿಸಬೇಕೆಂಬ ಪ್ರಸ್ತಾವ ಮತಕ್ಕೆ ಬಂದಾಗ ಅದನ್ನು ಸೋಲಿಸಿದರು.

ಇವೆಲ್ಲ ಒಂದೇ ದೇಶದ, ಹೆಚ್ಚುಕಡಿಮೆ ಒಂದೇ ಕಾಲದ ಸುದ್ದಿಗಳು. ಇದನ್ನು ಪ್ರಾಣಿಪ್ರಿಯರಿಗೂ ಬಂದೂಕು ಹಿಡಿದವರಿಗೂ ನಡೆದಿರುವ ಜಗಳವೆಂದು ತಿಳಿಯುವುದು ಸುಲಭವಾದರೂ ಅಷ್ಟರಿಂದ ಗೊಂದಲ ತಿಳಿಯಾಗುವುದಿಲ್ಲ, ಏಕೆಂದರೆ ಎರಡೂ ಕಡೆಯಲ್ಲಿ ಬೇಟೆಗಾರರಿದ್ದಾರೆ. ಅಮೆರಿಕದ ಬೇಟೆಗಾರರು ಶತಮಾನದಿಂದ ತಮಗೆ ತಾವೇ ಕೆಲವು ಕಟ್ಟುಪಾಡುಗಳನ್ನು ಹಾಕಿಕೊಂಡು ಬಂದಿದ್ದಾರೆ. ಆ ಕಟ್ಟುಪಾಡುಗಳ ಹೊರಗೆ ಕೆಲವು ಪ್ರಾಣಿಗಳನ್ನು, ಮುಖ್ಯವಾಗಿ ಕಯೋಟಿಯನ್ನು, ಬಿಟ್ಟುಬಿಟ್ಟಿದ್ದಾರೆ. ಈಗಿನ ಜಗಳ ಹುಟ್ಟಿರುವುದು ಆ ಬಿಟ್ಟ ಜಾಗದಲ್ಲಿ.

ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು

ಕಯೋಟಿ ಉತ್ತರ ಅಮೆರಿಕದ ಪ್ರಾಣಿ. ಮೆಕ್ಸಿಕೊದ ಮೂಲನಿವಾಸಿಗಳ ನಹೂವಾಟ್ಲ್ ಭಾಷೆಯ 'ಕೊಯೋಟ್ಲ್' ಎಂಬ ಪದ ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಹೋಗಿ ಈ ರೂಪ ತಾಳಿದೆ. ಗಾತ್ರದಲ್ಲಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 9ರಿಂದ 20 ಕಿಲೊ. ಮೊಲ, ಇಲಿ, ಜಿಂಕೆಮರಿ, ಹಣ್ಣು, ಸತ್ತ ಪ್ರಾಣಿ, ಕಸದ ಡಬ್ಬಿಯ ಎಂಜಲು, ಯಾವುದೂ ಇದಕ್ಕೆ ವರ್ಜ್ಯವಲ್ಲ.

ಇಪ್ಪತ್ತನೆಯ ಶತಮಾನ ಆರಂಭವಾಗುವವರೆಗೆ ಕಯೋಟಿಯ ನೆಲೆ ಖಂಡದ ಮಧ್ಯ ಮತ್ತು ಪಶ್ಚಿಮದ ಹುಲ್ಲುಗಾವಲು, ಮರುಭೂಮಿಗಳಿಗೆ ಬಹುಮಟ್ಟಿಗೆ ಸೀಮಿತವಾಗಿತ್ತು. ಅದನ್ನು ಅಲ್ಲಿ ಹಿಡಿದಿಟ್ಟಿದ್ದುದು ತೋಳ. ತನ್ನ ಸರಹದ್ದಿನೊಳಗೆ ಬಂದ ಕಯೋಟಿಯನ್ನು ತೋಳ ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತದೆ. ದನ ಮತ್ತು ಕುರಿ ಸಾಕುವವರ ಒತ್ತಾಯಕ್ಕೆ ಸರ್ಕಾರ ವಿಷ, ಬೋನು, ಬಂದೂಕುಗಳಿಂದ ತೋಳಗಳನ್ನು ನಿರ್ಮೂಲ ಮಾಡುತ್ತ ಬಂದು, 1930ರ ದಶಕದ ಹೊತ್ತಿಗೆ ಅಲಾಸ್ಕ ಹೊರತಾದ ಅಮೆರಿಕದಲ್ಲಿ ಉತ್ತರದ ಒಂದೆರಡು ಮೂಲೆಗಳಲ್ಲಿ ಮಾತ್ರ ಅವು ಉಳಿದವು. ಅದೇ ಕಾಲದಲ್ಲಿ ಪೂರ್ವದ ದಟ್ಟ ಕಾಡುಗಳು ಕಡಿದು ಹೊಲಗಳಾದವು. ಕಾವಲುಗಾರನೂ ಇಲ್ಲದೆ, ಬೇಲಿಯೂ ಇಲ್ಲದೆ ಕಯೋಟಿ ದಾರಿ ಹಿಡಿಯಿತು. ಇಂದು ಅದು ಹವಾಯಿ ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಇದೆ, ದಕ್ಷಿಣದಲ್ಲಿ ಪನಾಮದವರೆಗೆ ಇಳಿದಿದೆ, ಷಿಕಾಗೊದಂಥ ಮಹಾನಗರದ ಒಳಗೂ ಮರಿ ಹಾಕುತ್ತಿದೆ. ಕ್ಯಾಲಿಫೋರ್ನಿಯಾದಲ್ಲೊ ಟೆಕ್ಸಸ್‌ನಲ್ಲೊ ಮನೆ ಮಾಡಿರುವ ಕನ್ನಡ ಕುಟುಂಬಗಳಿಗೆ ಸಾಕುಬೆಕ್ಕನ್ನು ರಾತ್ರಿ ಹೊರಗೆ ಬಿಡಬೇಡಿ ಎಂಬ ಬಡಾವಣೆಯ ಸೂಚನಾಫಲಕದ ಮೂಲಕ ಪರಿಚಯವಾಗುವುದು ಇದೇ ಪ್ರಾಣಿ. ಪೂರ್ವಕ್ಕೆ ಹೋಗುವಾಗ ಅಳಿದುಳಿದ ತೋಳಗಳೊಂದಿಗೂ ನಾಯಿಗಳೊಂದಿಗೂ ಬೆರೆತದ್ದರಿಂದ ಅಲ್ಲಿನ ಕಯೋಟಿಗಳು ಪಶ್ಚಿಮದವಕ್ಕಿಂತ ದಪ್ಪ. ಈ ಬೆರಕೆ ಮುಂದೆ ಬೇಟೆಗಾರರಿಗೆ ಬೇರೊಂದು ತೊಡಕಾಯಿತು.

ಕರೆದೇ ಬರಿಸಿಕೊಳ್ಳುವ ಮುಖಾಮುಖಿ

ಬೇಟೆಗಾರರಿಗೂ ಈ ಪ್ರಾಣಿಗಳಿಗೂ ಆಗುವ ಮುಖಾಮುಖಿ ಬಹುತೇಕ ಆಕಸ್ಮಿಕವಲ್ಲ. ಕಯೋಟಿಯ ಬೇಟೆ ಜಾಡು ಹಿಡಿದು ನಡೆಯುವುದಲ್ಲ, ಕೂಗಿ ಕರೆಯುವುದು. ಗಾಯಗೊಂಡ ಮೊಲ ಕಿರುಚುವ ದನಿಯನ್ನು ಬಾಯಿಯಿಂದ ಊದುವ ಪೀಪಿಯಲ್ಲೊ ಬ್ಯಾಟರಿ ಧ್ವನಿಯಂತ್ರದಲ್ಲೊ ಹೊರಡಿಸಿ, ಮೈಗೆ ಎಲೆಬಣ್ಣದ ಬಟ್ಟೆ ತೊಟ್ಟು, ಗಾಳಿ ತನ್ನ ವಾಸನೆಯನ್ನು ಒಯ್ಯದ ದಿಕ್ಕಿನಲ್ಲಿ ಕುಳಿತರೆ, ಸುಲಭದ ತುತ್ತೆಂದು ನಂಬಿದ ಕಯೋಟಿ ತಾನಾಗಿ ಹತ್ತಿರ ಬರುತ್ತದೆ. ಅದೇ ಕೂಗಿಗೆ ಬಾಬ್‌ಕ್ಯಾಟ್ ಬರಬಹುದು, ಪ್ಯೂಮಾ ಕೂಡ ಬರಬಹುದು. ವಸಂತದಲ್ಲಿ ಹೆಣ್ಣು ಟರ್ಕಿಕೋಳಿಯ ದನಿ ತೆಗೆದು ಗಂಡು ಟರ್ಕಿಕೋಳಿಯನ್ನು ಕರೆಯುವವರ ಬೆನ್ನಿಗೆ ಕಯೋಟಿಗಳು ಎರಗಿ, ಮನುಷ್ಯನೆಂದು ತಿಳಿದೊಡನೆ ಓಡಿಹೋದ ಪ್ರಸಂಗಗಳು ಹಲವು. ಇದನ್ನು ದಾಳಿ ಎನ್ನುವುದು ತಪ್ಪು. ಬೇಟೆಗಾರನ ನಟನೆ ಅಷ್ಟು ಚೆನ್ನಾಗಿತ್ತು ಎನ್ನುವುದೇ ಸರಿ.

ಕರಡಿಯ ವಿಷಯ ಇಷ್ಟು ಹಗುರವಲ್ಲ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತ ಶರತ್ಕಾಲದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುತ್ತದೆ. ಬೇಟೆಗಾರರು ಪ್ರಾಣಿಯನ್ನು ಅಲ್ಲೇ ಹಸಿಗೆ ಮಾಡಿ ಕರುಳು, ಜಠರಗಳನ್ನು ಬಿಟ್ಟು ಮಾಂಸವನ್ನಷ್ಟೇ ಹೊತ್ತು ತರುತ್ತಾರೆ. ಚಳಿನಿದ್ದೆಗೆ ಮುನ್ನ ಕೊಬ್ಬು ಕೂಡಿಸಬೇಕಾದ ಗ್ರಿಜ್ಲಿ ಎಂಬ ಕಂದು ಕರಡಿಗಳು ಈ ರಾಶಿಗಳಿಗಾಗಿ ಉದ್ಯಾನದ ಗಡಿ ದಾಟಿ ಬೇಟೆಯ ಪ್ರದೇಶಕ್ಕೆ ಬರುತ್ತವೆ ಎಂಬುದನ್ನು ರೇಡಿಯೊ ಕಾಲರ್ ಹಾಕಿದ ಅಧ್ಯಯನಗಳು ತೋರಿಸಿವೆ. ಗಾಳಿಗೆ ಎದುರಾಗಿ, ಸದ್ದಿಲ್ಲದೆ, ಮುಂಜಾವಿನ ಅರೆಗತ್ತಲಲ್ಲಿ ನಡೆಯುವ ಬೇಟೆಗಾರ ಕರಡಿಗಳ ನಾಡಿನಲ್ಲಿ ಏನೇನು ಮಾಡಬಾರದೊ ಅದನ್ನೆಲ್ಲ ಕಸುಬಿನ ಅಗತ್ಯವಾಗಿಯೇ ಮಾಡುತ್ತಾನೆ. ಅಂಥಲ್ಲಿ ಬಂದೂಕಿಗಿಂತ ಮೆಣಸಿನ ಸ್ಪ್ರೇ ಮೇಲು ಎಂಬ ಸಲಹೆಯನ್ನು ಅನೇಕ ಬೇಟೆಗಾರರು ನಂಬುವುದಿಲ್ಲ. ಆದರೆ ಅಲಾಸ್ಕದ ಘಟನೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪ್ರೇ ಬಳಸಿದ 10ರಲ್ಲಿ 9ಕ್ಕೂ ಹೆಚ್ಚು ಸಂದರ್ಭಗಳಲ್ಲಿ ಕಂದು ಕರಡಿ ಹಿಂಜರಿದಿತ್ತು. ನಾಲ್ಕು ವರ್ಷಗಳ ನಂತರ ಬಂದೂಕಿನ ಬಗ್ಗೆ ಬಂದ ಇನ್ನೊಂದು ಅಧ್ಯಯನದಲ್ಲಿ ಬಂದೂಕು ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೈಮೇಲೆ ಬೀಳುತ್ತಿರುವ ಕರಡಿಗೆ ಗುರಿಯಿಟ್ಟು ಹೊಡೆಯಲು ಬೇಕಾದ ಸಮಯ ಸಿಗುವುದಿಲ್ಲ ಎಂಬುದೇ ಅದರ ಸರಳ ಕಾರಣ.

ಕಯೋಟಿಯಿಂದ ಮನುಷ್ಯರಿಗೆ ಪ್ರಾಣಾಪಾಯ ತೀರಾ ವಿರಳ. ಅಮೆರಿಕ ಮತ್ತು ಕೆನಡಾಗಳಲ್ಲಿ ದಾಖಲಾದ ಸಾವುಗಳು ಎರಡೇ: 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ ಒಂದು ಮಗು, 2009ರಲ್ಲಿ ಕೆನಡಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ಉದ್ಯಾನದಲ್ಲಿ 19 ವರ್ಷದ ಯುವತಿ. ಎರಡನೆಯ ಘಟನೆಯ ಬಳಿಕ ನೋವಾ ಸ್ಕೋಷಿಯಾ ಪ್ರಾಂತ್ಯದ ಸರ್ಕಾರ ಕಯೋಟಿಯ ತೊಗಲಿಗೆ 20 ಡಾಲರ್ ಪ್ರೋತ್ಸಾಹಧನ ಘೋಷಿಸಿತು. ಆದರೆ ಆ ಉದ್ಯಾನದ ಕಯೋಟಿಗಳು ಚಿಕ್ಕ ಬೇಟೆ ಸಿಗದೆ ಮೂಸ್ ಎಂಬ ಭಾರಿ ಜಿಂಕೆಯನ್ನೇ ತಿಂದು ಬದುಕುತ್ತಿದ್ದವು, ದೊಡ್ಡ ಪ್ರಾಣಿಯ ಮೇಲೆ ಬೀಳುವ ಆ ರೂಢಿಯೇ ದಾಳಿಗೆ ಕಾರಣವಾಗಿರಬಹುದು ಎಂದು ಹತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ ಪ್ರಕಟವಾದ ಸಂಶೋಧನೆ ಸೂಚಿಸಿತು. ಹಾಗಿದ್ದರೆ ಪ್ರಾಂತ್ಯದಾದ್ಯಂತ ಕೊಂದ ಕಯೋಟಿಗಳಿಗೂ ಆ ಸಾವಿಗೂ ಸಂಬಂಧವೇ ಇರಲಿಲ್ಲವೆಂದಾಗುತ್ತದೆ.

ತಲೆಗಿಷ್ಟು ಎಂಬ ಇನಾಮು

ಜಿಂಕೆ, ಎಲ್ಕ್, ಬಾತುಗಳ ಬೇಟೆಗೆ ಅಮೆರಿಕದಲ್ಲಿ ಬಿಗಿಯಾದ ನಿಯಮಗಳಿವೆ: ಪರವಾನಗಿ ಬೇಕು, ಗೊತ್ತಾದ ಋತುವಿನಲ್ಲೇ ಹೋಗಬೇಕು, ಇಷ್ಟೇ ಹೊಡೆಯಬೇಕೆಂಬ ಮಿತಿಯಿದೆ. ಪರವಾನಗಿ ಶುಲ್ಕವೂ, 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಮೂಲಕ ಉದ್ದ ನಳಿಗೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಿಧಿಸಿದ 11% ತೆರಿಗೆಯೂ ರಾಜ್ಯಗಳ ವನ್ಯಜೀವಿ ಇಲಾಖೆಗಳ ಮುಖ್ಯ ಆದಾಯ. ಬೇಟೆಯೆಂದರೆ ಅಪರಾಧವೆಂದೇ ತಿಳಿದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಸಂರಕ್ಷಣೆಗೆ ಹಣ ಕೊಡುವವನೇ ಬೇಟೆಗಾರ, ಆದ್ದರಿಂದ ಇಲಾಖೆಯಲ್ಲಿ ಅವನ ಮಾತಿಗೆ ತೂಕ ಹೆಚ್ಚು.

ಕಯೋಟಿಗೆ ಋತು, ಮಿತಿಗಳ ನಿಯಮ ಬಹಳಷ್ಟು ರಾಜ್ಯಗಳಲ್ಲಿ ಅನ್ವಯಿಸುವುದಿಲ್ಲ, ಕೆಲವೆಡೆ ಪರವಾನಗಿಯೂ ಬೇಡ. ಟೆಕ್ಸಸ್‌ನಲ್ಲಿ ವರ್ಷವಿಡೀ, ಎಷ್ಟು ಬೇಕಾದರೂ ಹೊಡೆಯಬಹುದು; ಅಗತ್ಯ ಪರವಾನಗಿ ಪಡೆದು ಹೆಲಿಕಾಪ್ಟರಿನಿಂದಲೂ ಹೊಡೆಯಬಹುದು. ವಯೋಮಿಂಗ್ ತನ್ನ ಶೇಕಡಾ 85ರಷ್ಟು ನೆಲದಲ್ಲಿ ತೋಳವನ್ನೂ ಕಯೋಟಿಯ ಜೊತೆಗೇ 'ಪರಭಕ್ಷಕ' ಎಂಬ ಪಟ್ಟಿಗೆ ಸೇರಿಸಿದೆ. ಅಲ್ಲಿ ಅದನ್ನು ಕೊಲ್ಲಲು ಪರವಾನಗಿ ಬೇಡ, ಋತು ನೋಡಬೇಕಿಲ್ಲ. 250 ಡಾಲರ್ ದಂಡದ ಒಗಟು ಬಿಡಿಸಿಕೊಳ್ಳುವುದು ಇಲ್ಲಿ: ಪ್ರಾಣಿಹಿಂಸೆಯ ಕಾನೂನು ಕೂಡ ಪರಭಕ್ಷಕಗಳ ಬೇಟೆಗೆ ವಿನಾಯಿತಿ ಕೊಟ್ಟಿರುವಾಗ ಅಧಿಕಾರಿಗಳ ಕೈಗೆ ಸಿಕ್ಕಿದ್ದು ಜೀವಂತ ಪ್ರಾಣಿಯನ್ನು ಇಟ್ಟುಕೊಂಡ ಚಿಕ್ಕ ಕಲಮು ಮಾತ್ರ. ದೇಶವಿದೇಶಗಳಲ್ಲಿ ಆಕ್ರೋಶ ಎದ್ದ ಮೇಲೆ, 2025ರಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ನ್ಯಾಯಮಂಡಳಿಯೊಂದು ಅದೇ ವ್ಯಕ್ತಿಯ ಮೇಲೆ ಪ್ರಾಣಿಹಿಂಸೆಯ ಗಂಭೀರ ಆರೋಪ ಹೊರಿಸಿತು.

ಖಾಸಗಿ ಬೇಟೆಗೆ ಜೊತೆಯಾಗಿ ಸರ್ಕಾರಿ ಬೇಟೆಯೂ ಇದೆ. 1931ರಲ್ಲಿ ಸಂಸತ್ತು ಪಶುಹಾನಿ ನಿಯಂತ್ರಣಕ್ಕೆಂದು ಕಾಯ್ದೆ ಮಾಡಿತು. ಅದರಡಿ ಕೆಲಸ ಮಾಡುವ, ಕೃಷಿ ಇಲಾಖೆಯ 'ವೈಲ್ಡ್‌ಲೈಫ್ ಸರ್ವೀಸಸ್' ವಿಭಾಗ ಈಚಿನ ವರ್ಷಗಳಲ್ಲಿ ವರ್ಷಕ್ಕೆ 60,000ದ ಆಸುಪಾಸಿನಲ್ಲಿ ಕಯೋಟಿಗಳನ್ನು ಕೊಲ್ಲುತ್ತಿದೆ. ಮೊದಲು ವಿಷವೇ ಮುಖ್ಯ ಆಯುಧವಾಗಿತ್ತು. ಹದ್ದು, ನಾಯಿಗಳೆಲ್ಲ ಸಾಯತೊಡಗಿದಾಗ ಅಧ್ಯಕ್ಷ ನಿಕ್ಸನ್ 1972ರ ಫೆಬ್ರುವರಿಯಲ್ಲಿ ಒಕ್ಕೂಟ ಸರ್ಕಾರದ ಜಮೀನಿನಲ್ಲಿ ಅದನ್ನು ನಿಷೇಧಿಸಿದರು. ಅದೇ ವರ್ಷ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಕಾಕತಾಳೀಯ. ಅಲ್ಲಿಯವರೆಗೆ ಇಲ್ಲೂ ಸೀಳುನಾಯಿಯ ತಲೆಗೆ ಇನಾಮು ಕೊಡುವ ಬ್ರಿಟಿಷರ ಕಾಲದ ಪದ್ಧತಿ ಉಳಿದಿತ್ತು. ಇಂದು ಬಂಡೀಪುರ, ನಾಗರಹೊಳೆಗಳಲ್ಲಿ ಅದನ್ನು ನೋಡಲು ಪ್ರವಾಸಿಗರು ಜೀಪಿನಲ್ಲಿ ಕಾದು ಕೂರುತ್ತಾರೆ.

ಕೊಂದರೂ ಕಡಿಮೆಯಾಗದ ಲೆಕ್ಕ

ಇಷ್ಟೆಲ್ಲ ಕೊಂದ ಮೇಲೂ ಕಯೋಟಿ ಹಬ್ಬಿದ್ದು ಹೇಗೆ? ಉತ್ತರ ಅದರ ಸಂಸಾರದ ಕಟ್ಟಿನಲ್ಲಿದೆ. ಒಂದು ಜೋಡಿ ಒಂದು ಸರಹದ್ದನ್ನು ಹಿಡಿದು, ಸೂಲಿಗೆ ಐದಾರು ಮರಿ ಹಾಕುತ್ತದೆ. ಹಿಂದಿನ ಸೂಲಿನ ಕೆಲವು ಮರಿಗಳು ಬೆಳೆದ ಮೇಲೂ ಜೊತೆಗಿರುತ್ತವೆ, ಆದರೆ ಸಾಮಾನ್ಯವಾಗಿ ಅವು ಮರಿ ಹಾಕುವುದಿಲ್ಲ. ಸರಹದ್ದಿಲ್ಲದೆ ಅಲೆಯುವ ಒಂಟಿ ಕಯೋಟಿಗಳು ಜಾಗ ಖಾಲಿಯಾಗುವುದನ್ನೇ ಕಾಯುತ್ತಿರುತ್ತವೆ. ಜೋಡಿಯಲ್ಲೊಂದು ಗುಂಡಿಗೆ ಬಿದ್ದರೆ ಆ ಸಂಸಾರ ಒಡೆಯುತ್ತದೆ, ಅಲೆಮಾರಿಗಳು ಒಳನುಗ್ಗುತ್ತವೆ, ಅದುವರೆಗೆ ಸುಮ್ಮನಿದ್ದ ಎಳೆಯ ಹೆಣ್ಣುಗಳು ಗಬ್ಬವಾಗುತ್ತವೆ. ತಿನ್ನುವ ಬಾಯಿ ಕಡಿಮೆಯಾದ್ದರಿಂದ ಹುಟ್ಟಿದ ಮರಿಗಳಲ್ಲಿ ಬದುಕುಳಿಯುವವು ಹೆಚ್ಚುತ್ತವೆ. ಕೊಂದರೆ ಕಯೋಟಿ ಹಟಕ್ಕೆ ಬಿದ್ದು ಎರಡರಷ್ಟು ಮರಿ ಹಾಕುತ್ತದೆ ಎಂದು ಬೇಟೆ ವಿರೋಧಿಗಳು ಹೇಳುವುದು ಅತಿಶಯೋಕ್ತಿ. ಖಾಲಿ ಜಾಗಕ್ಕೆ ಹೊರಗಿನವು ಬರುವುದೇ ಚೇತರಿಕೆಗೆ ಹೆಚ್ಚಿನ ಕಾರಣ. ಎರಡರ ಫಲವೂ ಒಂದೇ ಎನ್ನುವುದು ಬೇರೆ ಮಾತು.

1975ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು ಹಾಕಿದ ಲೆಕ್ಕ ಇಂದಿಗೂ ಎಲ್ಲರ ಬಾಯಲ್ಲಿದೆ. ಅದರ ಪ್ರಕಾರ ಪ್ರತಿವರ್ಷ ಶೇಕಡಾ 75ರಷ್ಟು ಕಯೋಟಿಗಳನ್ನು ಕೊಲ್ಲುತ್ತ ಹೋದರೆ ಅವು ಪೂರ್ತಿ ಅಳಿಯಲು 50 ವರ್ಷಗಳಿಗೂ ಹೆಚ್ಚು ಬೇಕು. ಆ ಪ್ರಮಾಣದಲ್ಲಿ ವಿಶಾಲ ಪ್ರದೇಶದಲ್ಲಿ ವರ್ಷವರ್ಷವೂ ಕೊಲ್ಲುವುದು ವಾರಾಂತ್ಯದ ಸ್ಪರ್ಧೆಗಳಿಂದಾಗಲಿ ಇನಾಮಿನಿಂದಾಗಲಿ ಆಗುವ ಕೆಲಸವಲ್ಲ. ಇದಕ್ಕೆ ಹೋಲಿಸಿದರೆ 1995 ಮತ್ತು 1996ರಲ್ಲಿ ಯೆಲ್ಲೊಸ್ಟೋನಿಗೆ ಕೆನಡಾದಿಂದ ತಂದು ಬಿಟ್ಟ 31 ತೋಳಗಳು ಕೆಲವೇ ವರ್ಷಗಳಲ್ಲಿ ಅಲ್ಲಿನ ಉತ್ತರ ಭಾಗದ ಕಯೋಟಿಗಳನ್ನು ಅರ್ಧದಷ್ಟಕ್ಕೆ ಇಳಿಸಿದವು. ಬಂದೂಕು ಜಾಗವನ್ನು ಖಾಲಿ ಮಾಡುತ್ತದೆ, ತೋಳ ಆ ಜಾಗದಲ್ಲೇ ಕೂರುತ್ತದೆ.

ಕುರಿಗಾರರ ಮಾತು ಸುಳ್ಳಲ್ಲ

ಹಾಗೆಂದು ಕೊಲ್ಲುವುದರಿಂದ ಪ್ರಯೋಜನವೇ ಇಲ್ಲವೆಂದು ತೀರ್ಮಾನಿಸಿದರೆ ಅದೂ ಅವಸರವಾಗುತ್ತದೆ. ಸರ್ಕಾರದ ಗಣತಿಗಳಲ್ಲಿ, ಕಾಡುಪ್ರಾಣಿಗಳ ಬಾಯಿಗೆ ಬೀಳುವ ಕುರಿ ಮತ್ತು ಕುರಿಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೋಟಿಯ ಪಾಲು. ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಹತ್ತು ಮಂದೆಗಳಲ್ಲಿ ಒಂಬತ್ತಕ್ಕೆ ಏನೂ ಆಗದೆ ಹತ್ತನೆಯವನು ಮುಳುಗಿಹೋಗಬಹುದು. ಅವನ ಮುಂದೆ ರಾಜ್ಯದ ಸರಾಸರಿಯನ್ನು ಓದಿ ಹೇಳುವುದರಿಂದ ಯಾವ ಸಮಾಧಾನವೂ ಆಗದು.

ಕೊಲ್ಲುವುದು ಯಾವಾಗ, ಯಾವುದನ್ನು ಎಂಬುದರ ಮೇಲೆ ಫಲ ನಿಂತಿದೆ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ ನಡೆದ ಅಧ್ಯಯನಗಳಲ್ಲಿ ಕುರಿಗಳನ್ನು ಕೊಲ್ಲುತ್ತಿದ್ದವು ಬಹುಮಟ್ಟಿಗೆ ಆ ಜಾಗದ ಸರಹದ್ದು ಹಿಡಿದಿದ್ದ ಹಿರಿಯ ಜೋಡಿಗಳು. ಮರಿಗಳಿಗೆ ಉಣಿಸಬೇಕಾದ ಒತ್ತಡ ಅವುಗಳಿಗಿರುತ್ತದೆ. ಬೋನಿಗೆ ಸುಲಭವಾಗಿ ಬೀಳುವವು ಅನುಭವವಿಲ್ಲದ ಎಳೆಯವು. ಅಂದರೆ ಅಪರಾಧಿ ಒಂದು, ಶಿಕ್ಷೆಯಾಗುವುದು ಇನ್ನೊಂದಕ್ಕೆ. ಇತ್ತ ಯೂಟಾ ಮತ್ತು ಆಚೀಚಿನ ಬೆಟ್ಟದ ಮೇವುಮಾಳಗಳಲ್ಲಿ ಚಳಿಗಾಲದಲ್ಲಿ ವಿಮಾನದಿಂದ ಕಯೋಟಿಗಳನ್ನು ಹೊಡೆದಾಗ ಮುಂದಿನ ಬೇಸಿಗೆಯಲ್ಲಿ ಕುರಿಮರಿಗಳ ನಷ್ಟ ಇಳಿದದ್ದನ್ನು 1999ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಹಾಗಾಗಿ ಮಂದೆ ಬರುವ ಜಾಗದಲ್ಲೇ, ಬರುವ ಮುನ್ನ ಮಾಡಿದ ಬೇಟೆ ಒಂದು ಹಂಗಾಮಿಗೆ ಕೆಲಸ ಮಾಡುತ್ತದೆ. ಎಲ್ಲೋ ನೂರು ಮೈಲಿ ದೂರದ ಬಯಲಿನಲ್ಲಿ ಬಹುಮಾನಕ್ಕಾಗಿ ಹೊಡೆದದ್ದು ಕುರಿಗಾರನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಅಹಿತಕರ ಸಂಗತಿಯೂ ಇದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಐದು ಕೋಟಿಗೂ ಹೆಚ್ಚು ಕುರಿಗಳಿದ್ದವು, ಈಗ ಸುಮಾರು 50 ಲಕ್ಷ ಇವೆ. ಈ ಕುಸಿತವನ್ನು ಪರೀಕ್ಷಿಸಿದ 2006ರ ಅಧ್ಯಯನವೊಂದು ಅದಕ್ಕೆ ಮುಖ್ಯ ಕಾರಣ ಮಾಂಸದ ಬೆಲೆ, ಕೂಲಿ, ಮೇವಿನ ದರಗಳೇ ಹೊರತು ಕಯೋಟಿಯಲ್ಲ ಎಂದು ಹೇಳಿತು. ಮಾರುಕಟ್ಟೆಗೆ ಗುಂಡು ಹೊಡೆಯಲಾಗುವುದಿಲ್ಲ, ಕಯೋಟಿಗೆ ಹೊಡೆಯಬಹುದು. ಗ್ರೇಟ್ ಪಿರನೀಸ್‌ನಂಥ ಕಾವಲು ನಾಯಿ, ವಿದ್ಯುತ್ ಬೇಲಿ, ರಾತ್ರಿ ದೊಡ್ಡಿಗೆ ಕೂಡುವುದು ಮುಂತಾದ ಉಪಾಯಗಳಿಗೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಈ ಶತಮಾನದ ಆರಂಭದಲ್ಲೇ ಸರ್ಕಾರಿ ಬೇಟೆಗಾರರ ಹಣವನ್ನು ತಿರುಗಿಸಿತು. ಬೇಲಿ ಹಾಕಬಹುದಾದ ಸಣ್ಣ ಹಿಡುವಳಿಗಳಿಗೆ ಇದು ಒಗ್ಗುತ್ತದೆ. ವಯೋಮಿಂಗ್‌ನ ಕೊನೆಯಿಲ್ಲದ ಮೇವುಮಾಳಗಳಿಗೆ ಎಷ್ಟು ಒಗ್ಗೀತು ಎಂಬುದರ ಬಗ್ಗೆ ವಾದವಿದೆ.

ಬೇಟೆಗಾರರ ನಡುವಿನ ಬಿರುಕು

1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮುಂದಾಳ್ತನದಲ್ಲಿ ಹುಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಮೆರಿಕದ ಬೇಟೆಗೆ ಒಂದು ನೀತಿಯನ್ನು ಕೊಟ್ಟಿತು: ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶವಿರಬೇಕು. ಹೊಡೆದದ್ದನ್ನು ಕೊಳೆಯಲು ಬಿಡಬಾರದೆಂಬುದೂ ಇದರೊಂದಿಗೆ ರೂಢಿಯಾಯಿತು. ಕೊಲ್ಲುವ ಸ್ಪರ್ಧೆಗಳನ್ನು ಈ ಅಳತೆಗೋಲಿನಿಂದ ನೋಡಿದಾಗ ಮುಜುಗರವಾಗುವುದು ಹಳಬ ಬೇಟೆಗಾರರಿಗೇ. ಒಂದೆರಡು ದಿನಗಳ ಸ್ಪರ್ಧೆಯಲ್ಲಿ ತಂಡಗಳು ಧ್ವನಿಯಂತ್ರ, ಶಾಖದಿಂದ ಪ್ರಾಣಿಯನ್ನು ಗುರುತಿಸುವ ರಾತ್ರಿ ದುರ್ಬೀನುಗಳೊಂದಿಗೆ ಹೊರಡುತ್ತವೆ. ಹೆಚ್ಚು ಕೊಂದವರಿಗೆ, ಅತಿ ಭಾರದ ಪ್ರಾಣಿ ತಂದವರಿಗೆ ನಗದು ಬಹುಮಾನ. ಟೆಕ್ಸಸ್‌ನ ಒಂದು ದೊಡ್ಡ ಸ್ಪರ್ಧೆಯಲ್ಲಿ ಒಟ್ಟು ಬಹುಮಾನ ಲಕ್ಷ ಡಾಲರ್ ದಾಟುತ್ತದೆ, ಗೆದ್ದವರು ಮೋಸ ಮಾಡಿಲ್ಲವೆಂದು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುತ್ತಾರೆ. ತೂಕ ಹಾಕಿದ ಮೇಲೆ ಹೆಣಗಳಿಗೆ ಬೆಲೆಯಿಲ್ಲ. ಚಳಿಯಂಗಿಗಳ ಟೊಪ್ಪಿಗೆಯ ಅಂಚಿಗೆ ಕಯೋಟಿಯ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲಿ ತುಪ್ಪಳ ಬಿಡುವುದಾಗಿ ಘೋಷಿಸಿದ ಮೇಲಂತೂ ತೊಗಲು ಸುಲಿಯುವುದಕ್ಕೂ ಕಾರಣ ಉಳಿಯಲಿಲ್ಲ.

ಸತ್ತ ಕಯೋಟಿಗಳ ರಾಶಿಯ ಮುಂದೆ ನಿಂತ ಛಾಯಾಚಿತ್ರಗಳು ಬೇಟೆಯಾಡದ ಬಹುಸಂಖ್ಯಾತ ಮತದಾರರ ಕಣ್ಣಿಗೆ ಬಿದ್ದರೆ ಒಟ್ಟು ಬೇಟೆಗೇ ಸಂಚಕಾರ ಬರುತ್ತದೆ ಎಂಬುದು ಒಂದು ಬಣದ ಲೆಕ್ಕಾಚಾರ. 2014ರಲ್ಲಿ ಕ್ಯಾಲಿಫೋರ್ನಿಯಾದಿಂದ ಆರಂಭವಾಗಿ ನ್ಯೂಯಾರ್ಕಿನವರೆಗೆ ಹತ್ತು ರಾಜ್ಯಗಳು ಈ ಸ್ಪರ್ಧೆಗಳಿಗೆ ಕಡಿವಾಣ ಹಾಕಿವೆ. ಅವುಗಳಲ್ಲಿ ಬೇಟೆಯ ಸಂಸ್ಕೃತಿ ಗಟ್ಟಿಯಾಗಿರುವ ಅರಿಜೋನಾ, ಕೊಲರಾಡೊ, ನ್ಯೂ ಮೆಕ್ಸಿಕೊಗಳೂ ಇರುವುದನ್ನು ಗಮನಿಸಬೇಕು. ಇನ್ನೊಂದು ಬಣ ಇದನ್ನು ಜಾರುಬಂಡೆಯ ಮೊದಲ ಮೆಟ್ಟಿಲೆಂದು ಕಾಣುತ್ತದೆ: ಇಂದು ಸ್ಪರ್ಧೆ, ನಾಳೆ ಕಯೋಟಿ, ನಾಡಿದ್ದು ಪ್ಯೂಮಾ. ಕೊಲರಾಡೊದ 2024ರ ಪ್ರಸ್ತಾವ ಅವರ ಭಯ ಪೂರ್ತಿ ಕಲ್ಪನೆಯಲ್ಲವೆಂದು ತೋರಿಸಿತು. ಅದು ಸೋತದ್ದು ಮಾತ್ರ, ವನ್ಯಜೀವಿ ಇಲಾಖೆಯ ನಿಯಮಗಳಿಗೆ ಒಳಪಟ್ಟ ಬೇಟೆಯನ್ನೂ ಬಹುಮಾನದ ಕೊಲೆಯನ್ನೂ ಮತದಾರರು ಬೇರೆ ಬೇರೆಯಾಗಿ ಕಾಣುತ್ತಾರೆ ಎಂಬುದರ ಸೂಚನೆಯಂತಿದೆ.

ಹೊಡೆದ ಮೇಲೆ ತಿಳಿಯುವ ಗುರುತು

ಪೂರ್ವದ ದಪ್ಪ ಕಯೋಟಿಗಳ ತೊಡಕು ಇಲ್ಲಿ ಬರುತ್ತದೆ. 2021ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕೂಪರ್ಸ್‌ಟೌನ್ ಬಳಿ ಕಯೋಟಿಯೆಂದು ಹೊಡೆದ 85 ಪೌಂಡಿನ ಪ್ರಾಣಿ ಡಿಎನ್‌ಎ ಪರೀಕ್ಷೆಯಲ್ಲಿ ತೋಳವೆಂದು ತಿಳಿಯಿತು. 2024ರ ಜನವರಿಯಲ್ಲಿ ಮಿಷಿಗನ್ನಿನ ದಕ್ಷಿಣ ಭಾಗದಲ್ಲೂ ಹೀಗೇ ಆಯಿತು. ನಾರ್ತ್ ಕ್ಯಾರೊಲಿನಾದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಕೆಂಪು ತೋಳಗಳು ಇದೇ ತಪ್ಪಿಗೆ ಬಲಿಯಾಗುತ್ತಿದ್ದುದರಿಂದ ಐದು ಕೌಂಟಿಗಳಲ್ಲಿ ರಾತ್ರಿಯ ಕಯೋಟಿ ಬೇಟೆಯನ್ನು 2014ರ ಒಪ್ಪಂದದ ಮೂಲಕ ನಿಲ್ಲಿಸಬೇಕಾಯಿತು. ಈ ರಾಜ್ಯಗಳಲ್ಲಿ ಒಂದಕ್ಕೆ ಒಕ್ಕೂಟದ ಕಾನೂನಿನ ರಕ್ಷಣೆ, ಇನ್ನೊಂದಕ್ಕೆ ಏನೂ ಇಲ್ಲ ಎಂಬ ಎರಡು ಪ್ರಾಣಿಗಳನ್ನು ಮುನ್ನೂರು ಗಜ ದೂರದಿಂದ ಬೆಳದಿಂಗಳಲ್ಲಿ ಬೇರ್ಪಡಿಸುವ ಹೊಣೆಯನ್ನು ಕಾನೂನು ಬೇಟೆಗಾರನ ಕಣ್ಣಿಗೆ ವಹಿಸಿದೆ. ತೋಳಗಳು ಹಳೆಯ ನೆಲೆಗಳಿಗೆ ಮರಳುತ್ತ ಹೋದಂತೆ ಇಂಥ ಪ್ರಕರಣಗಳು ಹೆಚ್ಚುವುದು ಬಹುತೇಕ ಖಚಿತ, ಮತ್ತು ಕಯೋಟಿ ಬೇಟೆಯ ಮೇಲಿನ ಮುಂದಿನ ನಿರ್ಬಂಧಗಳು ಕಯೋಟಿಯ ಮೇಲಿನ ಕನಿಕರಕ್ಕಿಂತ ತೋಳದ ರಕ್ಷಣೆಯ ನೆಪದಲ್ಲಿ ಬರುವ ಸಂಭವವೇ ಹೆಚ್ಚು.

ಮುಂದಿನ ಹಣಾಹಣಿ

ಸದ್ಯಕ್ಕೆ ರಾಜ್ಯಗಳು ಎರಡು ದಿಕ್ಕಿಗೆ ಎಳೆಯುತ್ತಿವೆ. 2021ರ ಕಾನೂನಿನಿಂದ ಐಡಹೊ ತೋಳಗಳನ್ನು ಎಷ್ಟು ಬೇಕಾದರೂ ಹೊಡೆಯಲು ಬಿಟ್ಟು, ಖಾಸಗಿ ಗುತ್ತಿಗೆದಾರರನ್ನೂ ನೇಮಿಸಿಕೊಳ್ಳಲು ದಾರಿ ಮಾಡಿತು. ಸ್ಪರ್ಧೆಗಳು ನಿಂತ ರಾಜ್ಯಗಳಲ್ಲಿ ಕಯೋಟಿ ಬೇಟೆ ನಿಂತಿಲ್ಲ, ಬಹುಮಾನ ಮಾತ್ರ ನಿಂತಿದೆ. ಆದ್ದರಿಂದ ಅಲ್ಲಿನ ಕಯೋಟಿಗಳ ಸಂಖ್ಯೆ ಈ ನಿಷೇಧದಿಂದ ಏರುತ್ತದೆಂದು ಹೆದರುವವರಿಗೂ, ಕಯೋಟಿಗಳು ಉಳಿದವೆಂದು ಸಂಭ್ರಮಿಸುವವರಿಗೂ ಆಧಾರ ಸಾಲದು.

ಹೆಚ್ಚು ಕುತೂಹಲದ ಜಗಳ ಮಿಷಿಗನ್ನಿನದು. ಅಲ್ಲಿನ ನೈಸರ್ಗಿಕ ಸಂಪನ್ಮೂಲ ಆಯೋಗ 2024ರ ಮಾರ್ಚಿನಲ್ಲಿ, ಕಯೋಟಿಗಳು ಮರಿ ಸಾಕುವ ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯದವರೆಗೆ ಬೇಟೆಯನ್ನು ನಿಲ್ಲಿಸಿತು. ಆಸ್ತಿಗೆ ಹಾನಿ ಮಾಡುವ ಕಯೋಟಿಯನ್ನು ಕೊಲ್ಲಲು ಅಡ್ಡಿಯಿರಲಿಲ್ಲ. ಆಯೋಗದ ಯೋಚನೆ ಕಯೋಟಿಯ ಸಂಖ್ಯೆಯ ಬಗ್ಗೆ ಇರಲಿಲ್ಲ. ತಾಯಿ ಸತ್ತರೆ ಮರಿಗಳು ಬಿಲದಲ್ಲಿ ಹಸಿದು ಸಾಯುತ್ತವೆ, ಅದನ್ನು ಕಂಡ ಜನ ಬೇಟೆಯ ವಿರುದ್ಧವೇ ತಿರುಗಬಹುದು ಎಂಬ ಎಣಿಕೆಯಿತ್ತು. ಬೇಟೆಗಾರರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಬೇಟೆಯ ನಿಯಮಗಳು ವಿಜ್ಞಾನವನ್ನು ಆಧರಿಸಿರಬೇಕೆಂದು 1996ರಲ್ಲಿ ಮತದಾರರೇ ವಿಧಿಸಿದ್ದಾರೆ, ಸಂಖ್ಯೆಯ ಮೇಲೆ ಪರಿಣಾಮವಿಲ್ಲದ ನಿರ್ಬಂಧಕ್ಕೆ ವಿಜ್ಞಾನದ ಆಧಾರವೆಲ್ಲಿದೆ ಎಂಬುದು ಅವುಗಳ ವಾದ. ಕೊಲ್ಲುವುದರಿಂದ ಕಯೋಟಿ ಕಡಿಮೆಯಾಗುವುದಿಲ್ಲ ಎಂದು ಇಷ್ಟು ಕಾಲ ಬೇಟೆ ವಿರೋಧಿಗಳು ಹಿಡಿದು ತೋರಿಸುತ್ತಿದ್ದ ಅದೇ ಲೆಕ್ಕವನ್ನು ಈಗ ಬೇಟೆಗಾರರು ತಮ್ಮ ವಕೀಲರ ಕೈಗೆ ಕೊಟ್ಟಿದ್ದಾರೆ.